ನಿಮಿತ್ತ ಹೊರಗೆ, ಉಪಾದಾನ ಒಳಗೆ

ಅಯೋಧ್ಯೆಯ ರಾಜಸಭೆ. ಸಿಂಹಾಸನದಲ್ಲಿ ವೃಷಭದೇವ, ಎದುರಿಗೆ ದೇವೇಂದ್ರನು ಕರೆತಂದ ನರ್ತಕಿ ನೀಲಾಂಜನೆ. ನೃತ್ಯದ ಲಯ ಏರುತ್ತಿದ್ದಂತೆಯೇ ಆಕೆಯ ಆಯುಷ್ಯ ತೀರಿತು. ಮಿಂಚು ಮರೆಯಾಗುವಂತೆ ಆಕೆ ಮರೆಯಾದಳು. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅದೇ ರೂಪದ ಮತ್ತೊಬ್ಬಳನ್ನು ಅದೇ ಸ್ಥಾನದಲ್ಲಿ ನಿಲ್ಲಿಸಿದನು. ತಾಳ ತಪ್ಪಲಿಲ್ಲ, ಹೆಜ್ಜೆ ನಿಲ್ಲಲಿಲ್ಲ. ಸಭೆಯಲ್ಲಿದ್ದವರೆಲ್ಲ ನೃತ್ಯವನ್ನು ಸವಿಯುತ್ತಲೇ ಇದ್ದರು. ವೃಷಭದೇವನೊಬ್ಬನಿಗೆ ಮಾತ್ರ ನಡುವೆ ಒಂದು ಜೀವ ಹೊರಟುಹೋದದ್ದು ಕಂಡಿತು. ದೇಹದ ಅಸ್ಥಿರತೆ, ಭೋಗದ ಅಸ್ಥಿರತೆ, ರಾಜ್ಯದ ಅಸ್ಥಿರತೆ ಆ ಕ್ಷಣದಲ್ಲಿ ಮನದಟ್ಟಾಯಿತು. ಆತ ಸಿಂಹಾಸನವನ್ನು ಬಿಟ್ಟು ತಪಸ್ಸಿಗೆ ನಡೆದು ಮೊದಲ ತೀರ್ಥಂಕರನಾದ.

ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಈ ಪ್ರಸಂಗವನ್ನು ವೈರಾಗ್ಯದ ಕಥೆಯೆಂದು ಓದುವುದು ರೂಢಿ. ಅದರೊಳಗೆ ಇನ್ನೊಂದು ಪ್ರಶ್ನೆಯೂ ಇದೆ. ಅಂದು ಆ ಸಭೆಯಲ್ಲಿದ್ದವರೆಲ್ಲರ ಕಣ್ಣೆದುರು ನಡೆದದ್ದು ಒಂದೇ ಘಟನೆ. ಅದು ಒಬ್ಬನ ಬದುಕನ್ನು ಬದಲಿಸಿತು, ಉಳಿದವರನ್ನು ತಟ್ಟಲೂ ಇಲ್ಲ. ಹಾಗಾದರೆ ಮನುಷ್ಯನನ್ನು ರೂಪಿಸುವುದು ಅವನು ಕಂಡದ್ದೇ, ಅಥವಾ ಕಾಣುವ ಅವನ ಕಣ್ಣೇ?

ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಗೆ ಸೇರಿದ್ದಲ್ಲ. ‘ನಾನು ಬೆಳೆದ ಮನೆ ಹಾಗಿತ್ತು, ಆದ್ದರಿಂದ ನಾನು ಹೀಗಾದೆ’ ಎಂದು ನಿಟ್ಟುಸಿರು ಬಿಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ‘ಇಷ್ಟೆಲ್ಲ ಸಂಸ್ಕಾರ ಕೊಟ್ಟರೂ ಮಗ ಹೀಗೇಕಾದ?’ ಎಂದು ಮರುಗುವ ತಂದೆತಾಯಿಗಳೂ ಇದ್ದಾರೆ. ಇಬ್ಬರ ನೋವೂ ನಿಜವಾದದ್ದೇ. ಜಿನಧರ್ಮವು ಈ ಇಬ್ಬರಿಗೂ ಕೊಡುವ ಉತ್ತರ ಎರಡು ಪದಗಳಲ್ಲಿ ಅಡಗಿದೆ: ನಿಮಿತ್ತ ಮತ್ತು ಉಪಾದಾನ.

ಮಣ್ಣು ಮತ್ತು ಕುಂಬಾರ

ಶಾಸ್ತ್ರಕಾರರು ಇದನ್ನು ಮಡಕೆಯ ಉದಾಹರಣೆಯಿಂದ ವಿವರಿಸುತ್ತಾರೆ. ಮಡಕೆಯಾಗುವುದು ಮಣ್ಣು. ಆದ್ದರಿಂದ ಮಣ್ಣು ಉಪಾದಾನ ಕಾರಣ. ಕುಂಬಾರ, ಅವನ ಚಕ್ರ, ಅದನ್ನು ತಿರುಗಿಸುವ ಕೋಲು ಇವೆಲ್ಲ ನಿಮಿತ್ತ ಕಾರಣಗಳು. ಕುಂಬಾರ ಎಷ್ಟೇ ನಿಪುಣನಾಗಿರಲಿ, ಮರಳಿನಿಂದ ಮಡಕೆಯನ್ನು ಮಾಡಲಾರ. ಮಣ್ಣು ಎಷ್ಟೇ ಹದವಾಗಿರಲಿ, ತನ್ನಷ್ಟಕ್ಕೆ ತಾನೇ ಚಕ್ರವನ್ನು ಏರಿ ಕುಳಿತುಕೊಳ್ಳುವುದೂ ಇಲ್ಲ. ಜೀವನದಲ್ಲಿ ತಂದೆತಾಯಿ, ಗುರು, ಗೆಳೆಯರು, ಓದಿದ ಗ್ರಂಥ, ಅನುಭವಿಸಿದ ದುಃಖ, ಬಾಲ್ಯದಲ್ಲಿ ಕಂಡ ಒಂದು ದೃಶ್ಯ ಎಲ್ಲವೂ ನಿಮಿತ್ತಗಳು. ಅವುಗಳನ್ನು ಸ್ವೀಕರಿಸಿ, ತನ್ನ ಭಾವಗಳನ್ನು ತಾನೇ ರೂಪಿಸಿಕೊಳ್ಳುವ ಆತ್ಮ ಉಪಾದಾನ.

ನಮ್ಮ ಆಚಾರ್ಯರು ನಿಮಿತ್ತವನ್ನು ಕಡೆಗಣಿಸಿದವರಲ್ಲ. ಸಮ್ಯಗ್ದರ್ಶನವು ಎರಡು ಬಗೆಯಲ್ಲಿ ಉಂಟಾಗುತ್ತದೆಂದು ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದ ಆರಂಭದಲ್ಲಿಯೇ ತಿಳಿಸುತ್ತಾರೆ. ಒಂದು ಸಹಜವಾಗಿ ಮೂಡುವಂಥದು, ಇನ್ನೊಂದು ಉಪದೇಶದಿಂದ ಮೂಡುವಂಥದು. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಇನ್ನೂ ಮುಂದುವರಿದು, ಯಾವ ಗತಿಯ ಜೀವಿಗೆ ಯಾವ ಬಾಹ್ಯ ಸಾಧನಗಳಿಂದ ಅರಿವು ಮೂಡಬಹುದೆಂಬುದನ್ನು ಎಣಿಸಿ ಹೇಳುತ್ತಾರೆ. ಪೂರ್ವಜನ್ಮದ ಸ್ಮರಣೆ, ಧರ್ಮಶ್ರವಣ, ಜಿನಬಿಂಬದ ದರ್ಶನ ಅವುಗಳಲ್ಲಿ ಕೆಲವು. ನರಕದ ಜೀವಿಗಳ ವಿಷಯದಲ್ಲಿ ಅವರು ಹೇಳುವ ಒಂದು ಸಾಧನ ಓದುಗರನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತದೆ. ಅದು ವೇದನೆ. ಸಹಿಸಲಾರದ ನೋವು ಕೂಡ ಜೀವವೊಂದನ್ನು ಎಚ್ಚರಿಸಬಲ್ಲದು. ಜಿನಬಿಂಬವಿಲ್ಲದ ನರಕದಲ್ಲಿಯೂ ಬೆಳಕಿನ ಬಾಗಿಲು ಪೂರ್ತಿಯಾಗಿ ಮುಚ್ಚಿರುವುದಿಲ್ಲ ಎಂಬ ಈ ಮಾತಿನಲ್ಲಿ ಅಪಾರವಾದ ಕರುಣೆ ಇದೆ.

ಅಜ್ಜನ ನೆರಳಿನಲ್ಲಿ ಬೆಳೆದ ಮರೀಚಿ

ಒಳ್ಳೆಯ ಪರಿಸರವೊಂದೇ ಸಾಕಾಗಿದ್ದರೆ ಮರೀಚಿಗಿಂತ ಭಾಗ್ಯವಂತ ಬೇರೊಬ್ಬನಿರಲಿಲ್ಲ. ಅವನು ಆದಿನಾಥರ ಮೊಮ್ಮಗ, ಭರತ ಚಕ್ರವರ್ತಿಯ ಮಗ. ಅಜ್ಜ ದೀಕ್ಷೆ ವಹಿಸಿದಾಗ ಅವರ ಮೇಲಿನ ಭಕ್ತಿಯಿಂದ ನಾಲ್ಕು ಸಾವಿರ ರಾಜರು ಕೂಡ ಹಿಂಬಾಲಿಸಿದರು. ಮರೀಚಿಯೂ ಅವರಲ್ಲಿದ್ದ. ಭಗವಂತರು ತಿಂಗಳುಗಟ್ಟಲೆ ಮೌನವಾಗಿ ಕಾಯೋತ್ಸರ್ಗದಲ್ಲಿ ನಿಂತಾಗ, ಏಕೆ ಬಂದೆವೆಂಬ ತಿಳಿವಳಿಕೆಯಿಲ್ಲದೆ ಬಂದಿದ್ದ ಇವರೆಲ್ಲ ಹಸಿವು ಬಾಯಾರಿಕೆಗಳನ್ನು ತಾಳಲಾರದೆ ದಾರಿ ತಪ್ಪಿದರು. ಗೆಡ್ಡೆ ಗೆಣಸು ತಿಂದು, ನಾರುಡೆ ಉಟ್ಟು, ತಮತಮಗೆ ತೋಚಿದ ವೇಷಗಳನ್ನು ಧರಿಸಿದರು.

ಮುಂದೆ ಆದಿನಾಥರಿಗೆ ಕೇವಲಜ್ಞಾನವಾಗಿ ಸಮವಸರಣದಲ್ಲಿ ದಿವ್ಯಧ್ವನಿ ಮೊಳಗಿದಾಗ, ದಾರಿ ತಪ್ಪಿದವರೆಲ್ಲ ತಪ್ಪನ್ನು ಅರಿತು ಮತ್ತೆ ದೀಕ್ಷೆ ಪಡೆದರು. ಮರೀಚಿಯೊಬ್ಬ ಮಾತ್ರ ಹಿಂತಿರುಗಲಿಲ್ಲ. ತಾನೇ ಒಂದು ಮತವನ್ನು ಸ್ಥಾಪಿಸಬೇಕೆಂಬ ಅಹಂಕಾರ ಅವನನ್ನು ಹಿಡಿದಿತ್ತು. ತೀರ್ಥಂಕರನ ಮನೆಯಲ್ಲಿ ಹುಟ್ಟಿ, ತೀರ್ಥಂಕರನ ವಾಣಿಯನ್ನು ಹತ್ತಿರದಿಂದಲೇ ಕೇಳಬಹುದಾಗಿದ್ದವನು ಎಣಿಕೆಗೆ ಸಿಗದಷ್ಟು ಕಾಲ ಭವಭವಗಳಲ್ಲಿ ಅಲೆದ.

ಅದೇ ಜೀವ ಮುಂದೊಮ್ಮೆ ಕಾಡಿನಲ್ಲಿ ಸಿಂಹವಾಗಿ ಹುಟ್ಟಿತು. ಒಂದು ದಿನ ಜಿಂಕೆಯೊಂದನ್ನು ಕೊಂದು ತಿನ್ನುತ್ತಿದ್ದಾಗ ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಇಬ್ಬರು ಚಾರಣ ಮುನಿಗಳು ಕೆಳಗಿಳಿದು ಬಂದು ಅದಕ್ಕೆ ಅದರ ಪೂರ್ವಕಥೆಯನ್ನು ತಿಳಿಸಿದರು. ಸಿಂಹಕ್ಕೆ ಜಾತಿಸ್ಮರಣೆಯಾಯಿತು. ಕಣ್ಣಲ್ಲಿ ನೀರು ಹರಿಯಿತು. ಅದು ಹಿಂಸೆಯನ್ನು ತ್ಯಜಿಸಿ ವ್ರತವನ್ನು ಸ್ವೀಕರಿಸಿತು. ಹಲವು ಜನ್ಮಗಳ ನಂತರ ಆ ಜೀವವೇ ಕುಂಡಪುರದಲ್ಲಿ ವರ್ಧಮಾನನಾಗಿ ಹುಟ್ಟಿ, ಭಗವಾನ್ ಮಹಾವೀರನಾಗಿ ನಮ್ಮೆಲ್ಲರಿಗೂ ದಾರಿ ತೋರಿತು.

ಶ್ರೇಷ್ಠವಾದ ಮನೆಯಲ್ಲಿ ಏಳದ ಜೀವ, ರಕ್ತ ಮೆತ್ತಿದ ಬಾಯಿಯಲ್ಲಿದ್ದಾಗ ಎಚ್ಚೆತ್ತಿತು. ಮಗ ದಾರಿ ತಪ್ಪಿದನೆಂದು ಮರುಗುವ ತಂದೆತಾಯಿಗಳಿಗೆ ಈ ಕಥೆಯಲ್ಲಿ ಎರಡು ಸಮಾಧಾನಗಳಿವೆ. ಆದಿನಾಥರ ಸನ್ನಿಧಿಯೂ ಎಲ್ಲರನ್ನೂ ತಿದ್ದಲಿಲ್ಲ ಎಂಬುದು ಒಂದು. ತಿದ್ದಿಕೊಳ್ಳುವ ಕಾಲ ಕಳೆದೇ ಹೋಯಿತೆಂದು ಯಾರ ವಿಷಯದಲ್ಲಿಯೂ ಹೇಳುವಂತಿಲ್ಲ ಎಂಬುದು ಇನ್ನೊಂದು.

ತಾಯಿಯ ಮಾತು

ಹೊರಗಿನ ಪ್ರಭಾವವೆಂದರೆ ದುಷ್ಟರ ಸಹವಾಸವೆಂದೇ ಸಾಮಾನ್ಯವಾಗಿ ತಿಳಿಯುತ್ತೇವೆ. ಅತ್ಯಂತ ಪ್ರೀತಿಸುವವರಿಂದಲೂ ಅದು ಬರಬಹುದೆಂಬುದನ್ನು ಜನ್ನ ಕವಿಯ ‘ಯಶೋಧರ ಚರಿತೆ’ ತೋರಿಸುತ್ತದೆ. ಕ್ರಿ.ಶ. 1209ರ ಈ ಕಾವ್ಯದಲ್ಲಿ ರಾಜ ಯಶೋಧರ, ಪತ್ನಿಯ ದ್ರೋಹವನ್ನು ಕಂಡು ಕುಗ್ಗಿಹೋಗಿ, ತಾಯಿ ಚಂದ್ರಮತಿಯ ಮುಂದೆ ಕೆಟ್ಟ ಕನಸು ಕಂಡೆನೆಂದು ನೆಪ ಹೇಳುತ್ತಾನೆ. ಮಗನಿಗೆ ಕೇಡಾಗದಿರಲೆಂದು ಆ ತಾಯಿ ದೇವಿಗೆ ಬಲಿ ಕೊಡುವಂತೆ ಒತ್ತಾಯಿಸುತ್ತಾಳೆ. ಹಿಂಸೆ ಪಾಪವೆಂದು ಅವನಿಗೆ ಗೊತ್ತು. ತಾಯಿಯ ಮನಸ್ಸನ್ನು ನೋಯಿಸಲು ಮಾತ್ರ ಅವನಿಂದಾಗದು. ಕೊನೆಗೆ ಜೀವವಿರುವ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುವುದೆಂದು ಒಪ್ಪಂದವಾಗುತ್ತದೆ.

ಕೋಳಿ ಹಿಟ್ಟಿನದಾದರೂ ಕತ್ತಿ ಎತ್ತಿದ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ತಾಯಿ ಮಗ ಇಬ್ಬರೂ ಅದರ ಫಲವಾಗಿ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸತ್ತರು. ಇಲ್ಲಿ ಚಂದ್ರಮತಿ ದುಷ್ಟಳಲ್ಲ. ಭಯದಿಂದ ಕುರುಡಾದ ಪ್ರೀತಿ ಆಕೆಯದು. ಆ ಪ್ರೀತಿಗೆ ಮಣಿದದ್ದು ಯಶೋಧರನ ತಪ್ಪು. ನಿಮಿತ್ತವಾದವರಿಗೂ ಫಲ ಉಂಟು, ಒಪ್ಪಿಕೊಂಡವನಿಗೂ ಉಂಟು ಎಂದು ಕರ್ಮಸಿದ್ಧಾಂತ ಇಬ್ಬರನ್ನೂ ಸಮನಾಗಿ ಎಚ್ಚರಿಸುತ್ತದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಇಬ್ಬರೂ ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟುತ್ತಾರೆ. ಚಂಡಮಾರಿಯ ಗುಡಿಯಲ್ಲಿ ಅವರನ್ನೇ ಬಲಿ ಕೊಡಲು ರಾಜ ಮಾರಿದತ್ತ ಸಿದ್ಧನಾಗಿ ನಿಂತಾಗ, ತಮ್ಮ ಜನ್ಮಾಂತರಗಳ ಕಥೆಯನ್ನು ನಿರ್ಭಯರಾಗಿ ಅವನಿಗೆ ಹೇಳುತ್ತಾರೆ. ಅದನ್ನು ಕೇಳಿದ ಮಾರಿದತ್ತ ಬಲಿಯನ್ನು ನಿಲ್ಲಿಸಿ ವೈರಾಗ್ಯ ತಾಳುತ್ತಾನೆ. ಒಮ್ಮೆ ಕೆಡುಕಿಗೆ ಒಳಗಾಗಿ ನೊಂದ ಜೀವಗಳು, ಆ ನೋವನ್ನೇ ಮತ್ತೊಬ್ಬರ ಒಳಿತಿಗೆ ನಿಮಿತ್ತವನ್ನಾಗಿ ಮಾಡಿದವು.

ತವರಿನ ಪುರಾಣ, ಸಾವಿರ ಪ್ರತಿ

ಪುರಾಣದಿಂದ ಇತಿಹಾಸಕ್ಕೆ ಬಂದರೆ ಕನ್ನಡ ನಾಡಿನಲ್ಲಿಯೇ ಒಂದು ಉಜ್ವಲವಾದ ನಿದರ್ಶನವಿದೆ. ಹತ್ತನೆಯ ಶತಮಾನದಲ್ಲಿ ಮಲ್ಲಪ, ಪುನ್ನಮಯ್ಯ ಎಂಬ ಸಹೋದರರಿದ್ದರು. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣೆಗಾಗಿ ಅವರು ಪೊನ್ನ ಕವಿಯಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದರು. ಗುರು ಅಗಲಿದಾಗ ಆ ಮನೆಯವರು ಶೋಕವನ್ನು ಶಾಸ್ತ್ರದಾನವಾಗಿ ಪರಿವರ್ತಿಸಿದ್ದರು. ಮಲ್ಲಪನ ಮಗಳೇ ಅತ್ತಿಮಬ್ಬೆ.

ಅತ್ತಿಮಬ್ಬೆ ಮತ್ತು ಆಕೆಯ ತಂಗಿ ಗುಂಡಮಬ್ಬೆ ಇಬ್ಬರನ್ನೂ ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ ಧಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. ಶೂರನಾದ ನಾಗದೇವ ಅಕಾಲದಲ್ಲಿ ತೀರಿಕೊಂಡ. ಗುಂಡಮಬ್ಬೆ ಆ ಕಾಲದ ರೂಢಿಯಂತೆ ಪತಿಯ ಚಿತೆಯನ್ನೇರಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು. ಎಳೆಯ ಮಗ ಅಣ್ಣಿಗದೇವನನ್ನು ಸಾಕುವ ಹೊಣೆ ಆಕೆಯ ಮೇಲಿತ್ತು. ಅಗ್ನಿಪ್ರವೇಶದಿಂದ ಪುಣ್ಯ ದೊರೆಯುತ್ತದೆಂಬ ನಂಬಿಕೆಯನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಲೋಕಮೂಢತೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಲೋಕದ ಒತ್ತಡಕ್ಕಿಂತ ಧರ್ಮದ ತಿಳಿವಳಿಕೆಗೆ ಅತ್ತಿಮಬ್ಬೆಯ ಆಯ್ಕೆ ಹತ್ತಿರವಾಗಿತ್ತು. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಸೊಸೆಯರು, ಇಬ್ಬರಿಗೂ ಒಂದೇ ದಿನ ಎರಗಿದ ಒಂದೇ ದುಃಖ. ನಡೆದ ದಾರಿಗಳು ಮಾತ್ರ ಬೇರೆ. ಅಗಲಿದ ಗುಂಡಮಬ್ಬೆಯನ್ನು ಅಳೆಯುವ ಅಧಿಕಾರ ಯಾರಿಗೂ ಇಲ್ಲ. ಆ ದುಃಖದಲ್ಲಿ ಆಕೆಗೆ ಬೇರೆ ದಾರಿಯೇ ಕಾಣದಿದ್ದಿರಬಹುದು.

ಉಳಿದ ಅತ್ತಿಮಬ್ಬೆ ವ್ರತನಿಯಮಗಳಲ್ಲಿ ದೇಹವನ್ನು ದಂಡಿಸುತ್ತ, ಕೈಗಳನ್ನು ಮಾತ್ರ ದಾನಕ್ಕೆ ತೆರೆದಿಟ್ಟಳು. ತನ್ನ ತವರಿನವರು ಬರೆಯಿಸಿದ್ದ ಅದೇ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಪ್ರತಿಯೂ ಓಲೆಗರಿಯ ಮೇಲೆ ಕಂಟದಿಂದ ಅಕ್ಷರ ಅಕ್ಷರವಾಗಿ ಕೊರೆದು ಮುಗಿಯಬೇಕು. ಆ ಸಾವಿರ ಪ್ರತಿಗಳ ಹಿಂದೆ ಎಷ್ಟು ಲಿಪಿಕಾರರ, ಎಷ್ಟು ದಿನಗಳ ದುಡಿಮೆ ಇದ್ದೀತೆಂದು ಓದುಗರೇ ಊಹಿಸಿಕೊಳ್ಳಬಹುದು. ಚಿನ್ನದ 1500 ಜಿನಬಿಂಬಗಳನ್ನು ಮಾಡಿಸಿ ದಾನ ಮಾಡಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅಲ್ಲಿನ ಕ್ರಿ.ಶ. 1007ರ ಶಾಸನ ಆಕೆಯ ಕೀರ್ತಿಯನ್ನು ಇಂದಿಗೂ ಹೇಳುತ್ತಿದೆ. ‘ದಾನಚಿಂತಾಮಣಿ’ ಎಂಬುದು ಆಕೆಗೆ ಸಂದ ಬಿರುದು.

ತವರಿನಲ್ಲಿ ಕಂಡದ್ದು ಆಕೆಗೆ ನಿಮಿತ್ತವಾಯಿತೆಂದು ತಿಳಿಯುವುದು ಸಹಜವೇ. ಗುರುವಿಯೋಗದಲ್ಲಿ ತಂದೆ ಏನು ಮಾಡಿದ್ದನೋ, ಪತಿವಿಯೋಗದಲ್ಲಿ ಮಗಳು ಅದನ್ನೇ ಸಾವಿರ ಪಾಲು ಹಿಗ್ಗಿಸಿದಳು. ಮುಂದೆ ಆಕೆಯೇ ಇನ್ನೊಬ್ಬರಿಗೆ ನಿಮಿತ್ತವಾದಳು. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರ ಶಿಷ್ಯನಾಗಿ ವಿದ್ಯೆಯನ್ನು ಪಡೆದಿದ್ದ. ಅತ್ತಿಮಬ್ಬೆಯ ಆಶ್ರಯದಲ್ಲಿ ಆತ ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ. ಬಳೆಯ ಮಲಾರ ಹೊತ್ತ ಮನೆಯ ಹುಡುಗ ಕವಿಚಕ್ರವರ್ತಿಯಾಗಲು ಅವನ ಪ್ರತಿಭೆ ಉಪಾದಾನ. ಆ ಗುರುವೂ ಈ ತಾಯಿಯೂ ದೊರೆಯದೆ ಹೋಗಿದ್ದರೆ ಆ ಪ್ರತಿಭೆಗೆ ಚಕ್ರವೂ ಇಲ್ಲ, ಕೋಲೂ ಇಲ್ಲ.

ಮುಂಬಯಿಯ ರತ್ನವ್ಯಾಪಾರಿ

ಹತ್ತಿರದ ಕಾಲಕ್ಕೆ ಬಂದರೆ, ಗುಜರಾತಿನ ಸೌರಾಷ್ಟ್ರದ ವವಾಣಿಯಾ ಎಂಬ ಊರಿನಲ್ಲಿ 1867ರಲ್ಲಿ ಹುಟ್ಟಿದ ರಾಯಚಂದರ ಬದುಕು ಇದೇ ತತ್ತ್ವವನ್ನು ಮತ್ತೊಮ್ಮೆ ತೋರಿಸುತ್ತದೆ. ತಂದೆಯ ಕಡೆಯವರು ಕೃಷ್ಣಭಕ್ತರು, ತಾಯಿಯ ಕಡೆಯವರು ಜೈನರು. ಏಳನೆಯ ವಯಸ್ಸಿನಲ್ಲಿ ಪರಿಚಿತರೊಬ್ಬರು ಹಾವು ಕಚ್ಚಿ ತೀರಿಕೊಂಡಾಗ, ಬಾಲಕ ಯಾರಿಗೂ ಹೇಳದೆ ಹೋಗಿ, ಮರವನ್ನೇರಿ ಚಿತೆ ಉರಿಯುವುದನ್ನು ನೋಡಿದನೆಂದೂ, ಆಗಲೇ ಅವನಿಗೆ ಜಾತಿಸ್ಮರಣೆಯಾಯಿತೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಚಿತೆಯನ್ನು ಕಂಡು ಹೆದರಿದ ಮಕ್ಕಳು ಲೋಕದಲ್ಲಿ ಅಸಂಖ್ಯ. ಈ ಬಾಲಕನಲ್ಲಿ ಮಾತ್ರ ಆ ಭಯ ಪ್ರಶ್ನೆಯಾಗಿ ಬೆಳೆಯಿತು. ರತ್ನವ್ಯಾಪಾರ ಮಾಡುತ್ತಲೇ ಆತ್ಮಚಿಂತನೆಯಲ್ಲಿ ಮುಳುಗಿದ ಅವರು ಮುಂದೆ ಶ್ರೀಮದ್ ರಾಜಚಂದ್ರರೆಂದು ಪೂಜ್ಯರಾದರು.

1891ರಲ್ಲಿ ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಆಗಿ ಮರಳಿದ ಮೋಹನದಾಸ ಗಾಂಧಿಯವರು ಮುಂಬಯಿಯಲ್ಲಿ ಅವರನ್ನು ಕಂಡರು. ರಾಯಚಂದರು ಗಾಂಧೀಜಿಗಿಂತ ಎರಡು ವರ್ಷವಷ್ಟೇ ಹಿರಿಯರು. ಗಾಂಧೀಜಿಯ ಬದುಕಿನಲ್ಲಿ ಜೈನ ನಿಮಿತ್ತ ಅದಕ್ಕೂ ಮೊದಲೇ ಕೆಲಸ ಮಾಡಿತ್ತು. ವಿದೇಶಕ್ಕೆ ಮಗನನ್ನು ಕಳುಹಿಸಲು ತಾಯಿ ಪುತಲೀಬಾಯಿ ಹಿಂಜರಿದಾಗ, ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಅವರಿಗೆ ಕೊಟ್ಟವರು ಜೈನ ಸಾಧು ಬೇಚರ್‌ಜಿ ಸ್ವಾಮಿ. ದಕ್ಷಿಣ ಆಫ್ರಿಕಾದಲ್ಲಿ ಅನ್ಯಧರ್ಮೀಯ ಗೆಳೆಯರ ಒತ್ತಾಯದ ನಡುವೆ ಮನಸ್ಸು ಡೋಲಾಯಮಾನವಾದಾಗ, 1894ರಲ್ಲಿ ಗಾಂಧೀಜಿ 27 ಪ್ರಶ್ನೆಗಳನ್ನು ಬರೆದು ರಾಯಚಂದರಿಗೆ ಕಳುಹಿಸಿದರು. ಆತ್ಮವೆಂದರೇನು, ಮೋಕ್ಷವೆಂದರೇನು ಎಂಬುದರಿಂದ ಹಿಡಿದು, ಹಾವು ಕಚ್ಚಲು ಬಂದರೆ ಏನು ಮಾಡಬೇಕೆಂಬವರೆಗೆ ಆ ಪ್ರಶ್ನೆಗಳಿದ್ದವು. ಬಂದ ಉತ್ತರಗಳಿಂದ ಅವರ ಮನಸ್ಸಿಗೆ ಶಾಂತಿ ದೊರೆಯಿತು.

ತಮ್ಮ ಮೇಲೆ ಆಳವಾದ ಮುದ್ರೆಯೊತ್ತಿದ ಆಧುನಿಕರು ಮೂವರೆಂದು ಗಾಂಧೀಜಿ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ: ಪುಸ್ತಕಗಳ ಮೂಲಕ ಟಾಲ್‌ಸ್ಟಾಯ್ ಮತ್ತು ರಸ್ಕಿನ್, ನೇರ ಒಡನಾಟದ ಮೂಲಕ ರಾಯಚಂದಭಾಯಿ. ಇಷ್ಟೆಲ್ಲ ಗೌರವವಿದ್ದರೂ ಅವರನ್ನು ಗುರುವಿನ ಸ್ಥಾನದಲ್ಲಿ ಕೂರಿಸಲು ತಮ್ಮಿಂದಾಗಲಿಲ್ಲವೆಂದೂ ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಪ್ರಭಾವವನ್ನು ಕೃತಜ್ಞತೆಯಿಂದ ಸ್ವೀಕರಿಸುತ್ತ, ನಡೆಯಬೇಕಾದ ದಾರಿಯ ಹೊಣೆಯನ್ನು ತಮ್ಮಲ್ಲಿಯೇ ಉಳಿಸಿಕೊಂಡ ಎಚ್ಚರ ಅದು. 1901ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿಯೇ ರಾಯಚಂದರು ದೇಹ ಬಿಟ್ಟರು. ಗಾಂಧೀಜಿಯ ಅಹಿಂಸೆ ದೇಶವನ್ನೇ ನಡೆಸಿದ ದಿನಗಳನ್ನು ನೋಡಲು ಅವರಿರಲಿಲ್ಲ. ನಿಮಿತ್ತವಾದವರು ಫಲವನ್ನು ಕಾಣಲೇಬೇಕೆಂಬ ನಿಯಮವಿಲ್ಲ.

ಎರಡು ಏಕಾಂತಗಳು

ಈ ಎಲ್ಲ ನಿದರ್ಶನಗಳ ಮುಂದೆ ನಿಂತಾಗ ಎರಡು ತಪ್ಪುಗಳಿಂದ ಪಾರಾಗಬೇಕೆಂದು ಅನೇಕಾಂತ ದೃಷ್ಟಿ ಕಲಿಸುತ್ತದೆ. ‘ಪರಿಸ್ಥಿತಿಯೇ ಎಲ್ಲ, ನಾನು ಅದರ ಕೈಗೊಂಬೆ’ ಎಂಬುದು ಒಂದು ಏಕಾಂತ. ಹೀಗೆ ನಂಬಿದವನು ತನ್ನ ಕೋಪಕ್ಕೆ ತಂದೆಯನ್ನು, ತನ್ನ ಲೋಭಕ್ಕೆ ಬಡತನವನ್ನು ಜೀವಮಾನವಿಡೀ ದೂರುತ್ತಾನೆ. ಬಾಲ್ಯದಲ್ಲಿ ಅವನಿಗಾದ ಗಾಯ ಸುಳ್ಳಲ್ಲ. ಅದನ್ನು ಮಾಡಿದವರ ತಪ್ಪು ಕಡಿಮೆಯಾಗುವುದೂ ಇಲ್ಲ. ಆದರೂ ಈ ಕ್ಷಣದ ಭಾವವನ್ನು ತಿದ್ದಿಕೊಳ್ಳುವ ಸ್ವಾತಂತ್ರ್ಯವನ್ನು ಯಾರೂ ಅವನಿಂದ ಕಸಿದಿಲ್ಲ. ಸಿಂಹಕ್ಕೆ ಸಾಧ್ಯವಾದದ್ದು ಮನುಷ್ಯನಿಗೆ ಅಸಾಧ್ಯವಾಗಲಾರದು.

‘ಅವರವರ ಉಪಾದಾನ ಇದ್ದಂತೆ ಆಗುತ್ತದೆ, ನಾನೇನು ಮಾಡಲಿ?’ ಎಂಬುದು ಇನ್ನೊಂದು ಏಕಾಂತ. ಇದು ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ಇದು ತತ್ತ್ವದ ವೇಷ ತೊಟ್ಟು ಬರುತ್ತದೆ. ಹಸಿದ ಮಗುವಿನ ಮುಂದೆ, ದಾರಿ ತಪ್ಪುತ್ತಿರುವ ತರುಣನ ಮುಂದೆ ಈ ಮಾತನ್ನಾಡುವವನು ಧರ್ಮವನ್ನು ಹೇಳುತ್ತಿಲ್ಲ, ಹೊಣೆಯಿಂದ ಜಾರಿಕೊಳ್ಳುತ್ತಿದ್ದಾನೆ. ಜೀವಿಗಳು ಒಬ್ಬರಿಗೊಬ್ಬರು ಉಪಕಾರಿಗಳಾಗಿರುವುದೇ ಜೀವಿಗಳ ಧರ್ಮವೆಂದು ಉಮಾಸ್ವಾಮಿ ಆಚಾರ್ಯರು ಸಾರಿದ್ದಾರೆ. ಆ ಚಾರಣ ಮುನಿಗಳು ಸಿಂಹದ ಉಪಾದಾನವನ್ನು ಅದಕ್ಕೇ ಬಿಟ್ಟು ಆಕಾಶದಲ್ಲಿಯೇ ಮುಂದೆ ಸಾಗಬಹುದಿತ್ತು. ಅವರು ಕೆಳಗಿಳಿದರು.

ತನ್ನ ವಿಷಯದಲ್ಲಿ ಉಪಾದಾನವನ್ನು ನೋಡಿಕೊಳ್ಳಬೇಕು, ಇತರರ ವಿಷಯದಲ್ಲಿ ಒಳ್ಳೆಯ ನಿಮಿತ್ತವಾಗಲು ಯತ್ನಿಸಬೇಕು. ನಾವು ಬಹುಮಟ್ಟಿಗೆ ಇದನ್ನು ತಿರುಗುಮುರುಗು ಮಾಡುತ್ತೇವೆ. ನಮ್ಮ ದೋಷಕ್ಕೆ ನಿಮಿತ್ತವನ್ನು ಹುಡುಕುತ್ತೇವೆ, ಪರರ ದೋಷಕ್ಕೆ ಅವರ ಉಪಾದಾನವನ್ನು ಹಳಿಯುತ್ತೇವೆ.

ಜೈನ ಶ್ರಾವಕರ ಮನೆಯಲ್ಲಿ ಬೆಳೆಯುವ ಮಗು ದಿನವೂ ಎಷ್ಟೋ ಸಂಗತಿಗಳನ್ನು ನೋಡುತ್ತದೆ. ಅಜ್ಜಿ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳು ಸಾಯದಂತೆ ಅವನ್ನು ಮತ್ತೆ ನೀರಿಗೇ ಮೆಲ್ಲನೆ ಬಿಡುವುದನ್ನು ನೋಡುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಅವಸರವನ್ನು ನೋಡುತ್ತದೆ. ಅದೇ ಮನೆಯಲ್ಲಿ ಕೆಲಸದವಳ ಮೇಲೆ ಎರಗುವ ಕಟುಮಾತನ್ನೂ, ತಕ್ಕಡಿಯಲ್ಲಿ ನಡೆಯುವ ಸಣ್ಣ ಮೋಸವನ್ನೂ ನೋಡುತ್ತದೆ. ಕಣ್ಣಿಗೆ ಕಾಣದ ಜೀವಿಯ ಮೇಲಿನ ದಯೆ ಕಣ್ಣೆದುರಿನ ಮನುಷ್ಯನಿಗೆ ದೊರೆಯದಿದ್ದರೆ, ಮಗುವಿನ ಮನಸ್ಸಿನಲ್ಲಿ ಉಳಿಯುವುದು ಯಾವುದು? ಉಪದೇಶಕ್ಕಿಂತ ಮೊದಲು ಆಚರಣೆ ಅದನ್ನು ಮುಟ್ಟುತ್ತದೆ. ಮಗು ಏನಾಗುತ್ತದೆಂಬುದು ನಮ್ಮ ಕೈಯಲ್ಲಿಲ್ಲದಿರಬಹುದು. ಅದು ಏನನ್ನು ನೋಡುತ್ತದೆಂಬುದು ಬಹಳಷ್ಟು ನಮ್ಮ ಕೈಯಲ್ಲಿದೆ.

ಸಂಜೆಯ ಪ್ರತಿಕ್ರಮಣದಲ್ಲಿ ಶ್ರಾವಕನು ದಿನವಿಡೀ ಆದ ದೋಷಗಳನ್ನು ನೆನೆದು ಪಶ್ಚಾತ್ತಾಪ ಪಡುತ್ತಾನೆ. ಆ ಹೊತ್ತಿನಲ್ಲಿ ಇನ್ನೆರಡು ಪ್ರಶ್ನೆಗಳನ್ನೂ ತನಗೆ ತಾನೇ ಕೇಳಿಕೊಳ್ಳಬಹುದು. ಇಂದು ನನ್ನ ಮುಂದೆ ನೀಲಾಂಜನೆಯೊಬ್ಬಳು ಮರೆಯಾದಾಗ ನಾನು ಕಂಡೆನೇ? ಇಂದು ನಾನು ಯಾರ ಒಳಿತಿಗೆ ನಿಮಿತ್ತನಾದೆ, ಯಾರ ಕೆಡುಕಿಗೆ? ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ತಿದ್ದಿಕೊಳ್ಳಲು ನಾಳೆಯ ಬೆಳಗಿನವರೆಗೆ ಕಾಯಬೇಕಾಗಿಲ್ಲ. ನೋಯಿಸಿದವರು ಪಕ್ಕದ ಕೋಣೆಯಲ್ಲಿಯೇ ಇದ್ದರೆ, ಎದ್ದು ಹೋಗಿ ಅವರಲ್ಲಿ ಕ್ಷಮೆ ಕೇಳಿಬರಬಹುದು.